ಕಾಯ್ದೆಯಲ್ಲಿ ಸಮಾನ ವೇತನ, ರಿಜಿಸ್ಟರಿನಲ್ಲಿ ಎಲ್ಲಿ? – ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ,

ವಂದನೆಗಳು.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಒಂದೇ ಕೆಲಸಕ್ಕೆ ಅಥವಾ ಒಂದೇ ಬಗೆಯ ಕೆಲಸಕ್ಕೆ ಲಿಂಗ ನೋಡಿ ಸಂಬಳ ಕೊಡುವಂತಿಲ್ಲ ಎನ್ನುತ್ತದೆ ಅದರ 3ನೇ ಕಲಂ. ಸರಿಸಮ ಮಾಡುವ ನೆಪದಲ್ಲಿ ಹೆಚ್ಚು ಪಡೆಯುತ್ತಿದ್ದವರ ಸಂಬಳ ಇಳಿಸುವಂತೆಯೂ ಇಲ್ಲ. ಇಷ್ಟರಮಟ್ಟಿಗೆ ಕಾನೂನು ಸ್ಪಷ್ಟ. ಆದರೆ ತಾರತಮ್ಯ ನಡೆದಿದೆ ಎಂದು ತೋರಿಸಬೇಕಾದರೆ ಎರಡು ಸಂಬಳಗಳು ಅಕ್ಕಪಕ್ಕದಲ್ಲಿ ಕಾಣಬೇಕು. ಸಹೋದ್ಯೋಗಿಯ ಪೇಸ್ಲಿಪ್ ಯಾರ ಕೈಗೂ ಸಿಗುವುದಿಲ್ಲ. 67ನೇ ಕಲಂ ರಾಜ್ಯಕ್ಕೆ ನಿಯಮ ಮಾಡುವ ಅಧಿಕಾರ ಕೊಟ್ಟಿದೆ. ಈ ಪತ್ರ ಆ ನಿಯಮಗಳ ಕುರಿತದ್ದು.

ಸಂಹಿತೆಗೆ ಮುಂಚೆ ಇದ್ದ 1976ರ ಸಮಾನ ವೇತನ ಕಾಯ್ದೆಯ ನಿಯಮಗಳಲ್ಲಿ ‘ಡಿ’ ನಮೂನೆಯ ರಿಜಿಸ್ಟರ್ ಇತ್ತು. ಕೆಲಸದ ವರ್ಗ, ಕೆಲಸದ ಚಿಕ್ಕ ವಿವರಣೆ, ಅದರಲ್ಲಿರುವ ಗಂಡಸರೆಷ್ಟು, ಹೆಂಗಸರೆಷ್ಟು, ಸಂಬಳದ ದರವೆಷ್ಟು, ಮೂಲ ವೇತನ, ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಎಲ್ಲವೂ ಒಂದೇ ಹಾಳೆಯಲ್ಲಿ. ರಿಜಿಸ್ಟರುಗಳನ್ನು ಒಗ್ಗೂಡಿಸುವ ಭರದಲ್ಲಿ ಈ ಹಾಳೆ ಬದಿಗೆ ಸರಿಯಿತು. ಈಗಿನ ವೇತನ ರಿಜಿಸ್ಟರ್ ಒಬ್ಬೊಬ್ಬರ ಲೆಕ್ಕ ಹೇಳುತ್ತದೆ, ಹೋಲಿಕೆ ಹೇಳುವುದಿಲ್ಲ. ಆ ಹಾಳೆಯನ್ನು ಮರಳಿ ತನ್ನಿ. ಪ್ರತಿ ವರ್ಗದಲ್ಲೂ ಹೆಂಗಸರ ಮತ್ತು ಗಂಡಸರ ಗಂಟೆಯ ದರದ ಮಧ್ಯಾಂಕವನ್ನು, ಅಂದರೆ ದರಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ದರವನ್ನು, ಬರೆಸಿ. ಸರಾಸರಿ ಬೇಡ. ಒಬ್ಬಿಬ್ಬರ ದೊಡ್ಡ ಸಂಬಳ ಸಾಕು, ಸರಾಸರಿ ದಿಕ್ಕು ತಪ್ಪುತ್ತದೆ. ತಿಂಗಳ ಸಂಬಳವನ್ನೇ ಹೋಲಿಸಿದರೆ ‘ಅವರು ಹೆಚ್ಚು ಹೊತ್ತು ದುಡಿದರು’ ಎಂಬ ಉತ್ತರ ಬರುತ್ತದೆ, ಅದಕ್ಕೇ ಗಂಟೆಯ ದರ.

ನಿಜವಾದ ಜಗ್ಗಾಟ ನಡೆಯುವುದು ‘ಒಂದೇ ಬಗೆಯ ಕೆಲಸ’ ಎಂಬ ಮಾತಿನ ಸುತ್ತ. ಹಳೆಯ ಕಾಯ್ದೆ ಕೌಶಲ, ಶ್ರಮ, ಹೊಣೆ ಈ ಮೂರನ್ನು ನೋಡುತ್ತಿತ್ತು. ಸಂಹಿತೆ ‘ಅನುಭವ’ವನ್ನೂ ಸೇರಿಸಿತು. ಹೆರಿಗೆ, ಮಗುವಿನ ಆರೈಕೆ ಎಂದು ಎರಡು ವರ್ಷ ಬಿಟ್ಟು ಬಂದವಳ ಸಂಬಳ ಕಡಿಮೆ ಮಾಡಲು ಈ ಒಂದು ಪದ ಸಾಕು. ಆ ಕೆಲಸಕ್ಕೆ ಬೇಕಾದ ಅನುಭವವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ವ್ಯಕ್ತಿಯ ಒಟ್ಟು ಸೇವಾವಧಿಯನ್ನಲ್ಲ ಎಂದು ನಿಯಮದಲ್ಲೇ ಬರೆಯಬೇಕು. ಕಲಂ ಹೇಳುವುದೂ ಕೆಲಸಕ್ಕೆ ‘ಬೇಕಾದ’ ಅನುಭವದ ಬಗ್ಗೆಯೇ.

ಹುದ್ದೆಯ ಹೆಸರು ಇನ್ನೊಂದು ತಡೆಗೋಡೆ. ಅವನು ‘ಆಪರೇಟರ್’, ಅವಳು ‘ಹೆಲ್ಪರ್’, ಇಬ್ಬರದೂ ಅದೇ ಯಂತ್ರ. ಸ್ಟೆನೋಗ್ರಾಫರ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ: ನೋಡಬೇಕಾದ್ದು ನಿಜವಾಗಿ ಮಾಡುವ ಕೆಲಸವನ್ನು, ಕೊಡಲು ಹಣವಿಲ್ಲ ಎಂಬುದು ನೆಪವಾಗಲಾರದು. ಅಂಕ ಕೊಟ್ಟು ಕೆಲಸವನ್ನು ಅಳೆಯುವ ಪದ್ಧತಿಯಲ್ಲೂ ಪಕ್ಷಪಾತ ನುಸುಳುತ್ತದೆ. ಭಾರ ಎತ್ತುವುದಕ್ಕೆ ಅಂಕವಿರುತ್ತದೆ. ಎಂಟು ಗಂಟೆ ಕಣ್ಣು ಕೀಲಿಸಿ ದೋಷ ಹುಡುಕುವುದಕ್ಕೆ, ಬೆರಳಿನ ಚುರುಕಿಗೆ, ಸಿಟ್ಟಾದ ಗ್ರಾಹಕರನ್ನು ಸಮಾಧಾನಪಡಿಸುವುದಕ್ಕೆ ಇರುವುದಿಲ್ಲ. ಕನಿಷ್ಠ ವೇತನಕ್ಕಾಗಿ ಕುಶಲ, ಅರೆಕುಶಲ, ಅಕುಶಲ ಎಂದು ವರ್ಗ ಮಾಡುವಾಗಲೂ ಇದೇ ತಪ್ಪು. 42ನೇ ಕಲಮಿನ ಪ್ರಕಾರ ರಾಜ್ಯ ಸಲಹಾ ಮಂಡಳಿಯ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಈ ಅಂಕಪಟ್ಟಿಯನ್ನು ಅವರ ಮುಂದಿಟ್ಟು ಪರಿಷ್ಕರಿಸಿ.

ಇನ್ನೊಂದು ಸಂದು ಕಣ್ಣಿಗೆ ಬೀಳುವುದೇ ಕಷ್ಟ. ಸಮಾನ ವೇತನದ ಲೆಕ್ಕಕ್ಕೆ ಪ್ರಯಾಣ ಭತ್ಯೆ, ಮನೆಬಾಡಿಗೆ ಭತ್ಯೆ, ಓವರ್‌ಟೈಮ್ ಸೇರುತ್ತವೆ, ಕಮಿಷನ್ ಸೇರುವುದಿಲ್ಲ. ಮಾರಾಟದ ಕೆಲಸದಲ್ಲಿ ಒಳ್ಳೆಯ ಗಿರಾಕಿಗಳಿರುವ ಪ್ರದೇಶ ಯಾರಿಗೆ ಸಿಕ್ಕಿತು ಎಂಬುದರಲ್ಲೇ ತಾರತಮ್ಯ ಅಡಗಿರುತ್ತದೆ. ಸಂಹಿತೆಯಲ್ಲಿರುವ ‘ವೇತನ’ದ ವ್ಯಾಖ್ಯೆ ಬದಲಿಸುವುದು ಸಂಸತ್ತಿನ ಕೆಲಸ, ನಿಜ. ಆದರೂ ರಿಜಿಸ್ಟರಿನಲ್ಲಿ ಕಮಿಷನ್‌ಗೆ ಪ್ರತ್ಯೇಕ ಕಾಲಂ ಇಡಿಸಬಹುದಲ್ಲ.

ಸಂದರ್ಶನದಲ್ಲಿ ‘ಹಿಂದೆ ಎಷ್ಟು ಸಂಬಳವಿತ್ತು’ ಎಂದು ಕೇಳುವ ರೂಢಿ ಹಳೆಯ ಅನ್ಯಾಯವನ್ನು ಹೊಸ ಕಂಪನಿಗೂ ಹೊತ್ತು ತರುತ್ತದೆ. 20,000 ಮತ್ತು 22,000 ರೂಪಾಯಿಗೆ ಸೇರಿದ ಇಬ್ಬರಿಗೂ ವರ್ಷಕ್ಕೆ ಶೇ 8ರಷ್ಟೇ ಏರಿಕೆ ಸಿಗಲಿ. 2,000ದ ಅಂತರ ಹತ್ತು ವರ್ಷದಲ್ಲಿ ತಿಂಗಳಿಗೆ 4,300 ದಾಟುತ್ತದೆ. ಯುರೋಪಿಯನ್ ಒಕ್ಕೂಟದ 2023ರ ನಿರ್ದೇಶನ ಈ ಪ್ರಶ್ನೆಯನ್ನೇ ನಿಷೇಧಿಸಿದೆ. ಮೊದಲ ಹೆಜ್ಜೆಯಾಗಿ ಸರ್ಕಾರಿ ನಿಗಮಗಳಿಗೂ ಸರ್ಕಾರದ ಗುತ್ತಿಗೆದಾರರಿಗೂ ನೀವು ಸುತ್ತೋಲೆ ಕಳುಹಿಸಬಹುದು.

ಕೊನೆಯದಾಗಿ ದೂರಿನ ವಿಚಾರ. 45ನೇ ಕಲಂ ಅಡಿ ಕಾರ್ಮಿಕರು, ನೋಂದಾಯಿತ ಸಂಘ ಅಥವಾ ಇನ್ಸ್‌ಪೆಕ್ಟರ್ ಮೂರು ವರ್ಷದೊಳಗೆ ಕ್ಲೇಮು ಹಾಕಬಹುದು. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅವಕಾಶವಿದೆ. ಬಾಕಿ ಪಾವತಿಯಾಗಿದೆ ಎಂದು ಸಾಬೀತುಪಡಿಸುವ ಹೊಣೆ ಮಾಲೀಕರದು. ಆದರೆ ಎರಡು ಕೆಲಸಗಳು ಒಂದೇ ಬಗೆಯವು ಎಂದು ತೋರಿಸುವ ಭಾರ ಬೀಳುವುದು ದೂರು ಕೊಟ್ಟವಳ ಮೇಲೆಯೇ. ಹೀಗಾಗಿ ಎರಡು ಕೆಲಸಗಳು ಒಂದೇ ಬಗೆಯವೇ ಎಂಬ ವಿವಾದ ತೀರ್ಮಾನಿಸುವ 4ನೇ ಕಲಮಿನ ಪ್ರಾಧಿಕಾರವು ದೂರು ಬಂದ ಕೂಡಲೇ ಮಾಲೀಕರಿಂದ ಹೋಲಿಕೆಯ ರಿಜಿಸ್ಟರನ್ನೂ ಎರಡೂ ಹುದ್ದೆಗಳ ಕೆಲಸದ ವಿವರವನ್ನೂ ತರಿಸಿಕೊಳ್ಳಬೇಕು. ಆ ಪ್ರಾಧಿಕಾರ ಯಾವುದು, ಕಚೇರಿ ಎಲ್ಲಿದೆ ಎಂಬುದು ಪ್ರತಿ ತಿಂಗಳ ಪೇಸ್ಲಿಪ್ಪಿನ ಕೆಳಗೆ ಕನ್ನಡದಲ್ಲಿ ಅಚ್ಚಾಗಿರಲಿ.

ಇಂತಿ,
ಕಾರ್ಮಿಕ ಕಾನೂನು ಕ್ಷೇತ್ರದಲ್ಲಿ ದುಡಿಯುವವರು