ಭಾನುವಾರದ ಸಭೆಗೆ ಮುನ್ನ: ಪ್ರಕ್ರಿಯೆಯ ನಕ್ಷೆ ತರುವ ಕುರಿತು

ಸದಸ್ಯರೆಲ್ಲರಿಗೂ ನಮಸ್ಕಾರ.

ಭಾನುವಾರ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸೇರುವಾಗ, ತಮ್ಮ ಕಚೇರಿಯ ಯಾವುದಾದರೂ ಒಂದು ಪ್ರಕ್ರಿಯೆಯನ್ನು ಬಿಪಿಎಂಎನ್ 2.0 (ಕೆಲಸದ ಹಂತಗಳನ್ನು ಚಿತ್ರವಾಗಿ ತೋರಿಸುವ ಪ್ರಮಾಣಿತ ಪದ್ಧತಿ) ಚಿಹ್ನೆಗಳಲ್ಲಿ ಬರೆದು ತರಬೇಕೆಂದು ವಿನಂತಿ. 2011ರಲ್ಲಿ ಹೊರಬಂದ ಈ ಪದ್ಧತಿಯನ್ನು ಲೆಕ್ಕಪತ್ರ ವಿಭಾಗದವರೂ ಓದಬಲ್ಲರೆಂಬುದೇ ಅದರ ದೊಡ್ಡ ಗುಣ.

ಬ್ಯಾಡಗಿ ಮೆಣಸಿನಕಾಯಿಯ ಖರೀದಿಯನ್ನೇ ನೋಡಿ: ತೂಕದ ಚೀಟಿ ಬಂದ ಮೇಲೆ ಬಿಲ್ಲು, ಬಿಲ್ಲಿಗೆ ಮಂಜೂರಾತಿ, ಆಮೇಲೆ ರೈತರ ಖಾತೆಗೆ ಹಣ. ತೂಕ, ಬಿಲ್ಲು, ಪಾವತಿ ಒಂದೊಂದೂ ಪ್ರತ್ಯೇಕ ಸರ್ವೀಸ್, ಅಂದರೆ ಒಂದು ಕೆಲಸವನ್ನಷ್ಟೇ ಮಾಡುವ ಸ್ವತಂತ್ರ ತಂತ್ರಾಂಶ, ಆಗಬಹುದು; ಆದರೆ ಮಂಜೂರಾತಿ ಯಾರದು, ಎರಡು ದಿನ ತಡವಾದರೆ ಮುಂದೇನು ಎಂಬ ನಿಯಮಗಳನ್ನು ಅವುಗಳೊಳಗೆ ಹುದುಗಿಸದೆ ಅವನ್ನು ಕ್ರಮವಾಗಿ ನಡೆಸುವ ಪ್ರಕ್ರಿಯೆಯ ಪದರದಲ್ಲಿಯೇ ಇಡಬೇಕು. ನಾನು ಹಿಂದೆ ಕೆಲಸ ಮಾಡಿದ ಕಡೆ ಇವು ಕೋಡಿನೊಳಗೆ ಸೇರಿಹೋಗಿದ್ದರಿಂದ, ಮಂಜೂರಾತಿಯ ಮಿತಿಯೊಂದನ್ನು ಬದಲಿಸಲು ಮೂರು ಅಪ್ಲಿಕೇಶನ್‌ಗಳನ್ನು ಮತ್ತೆ ಪರೀಕ್ಷಿಸಬೇಕಾಯಿತು.

ಪಾವತಿಯ ಕೋರಿಕೆ ಎರಡು ಬಾರಿ ಬಂದರೂ ಹಣ ಒಮ್ಮೆಯೇ ಜಮೆಯಾಗುವಂತೆ ಎಲ್ಲಿ ತಡೆಯುತ್ತೀರಿ ಎಂಬುದನ್ನೂ ನಕ್ಷೆಯಲ್ಲಿ ಗುರುತಿಸಿ ತನ್ನಿ.