ಗೆಳೆಯನಿಗೊಂದು ಪತ್ರ: ಚಿತ್ರಗುಪ್ತನಿಗೆ ಸುದ್ದಿ ಮುಟ್ಟಿಸುವವರು

ಪ್ರೀತಿಯ ಗೆಳೆಯಾ,

ನಿನ್ನ ಅಪ್ಪನ ಬೊಜ್ಜ (ಉತ್ತರಕ್ರಿಯೆ) ಮುಗಿಸಿ ಹೊರಟ ದಿನ ಕುಂಬಳೆ ಸ್ಟೇಷನ್ನಿನಲ್ಲಿ ನೀನು ಕೇಳಿದ್ದೆಯಲ್ಲ, "ಅಪ್ಪ ಇಷ್ಟು ವರ್ಷ ಹೇಗಿದ್ದರು ಅಂತ ನನಗೆ ಸರಿಯಾಗಿ ಗೊತ್ತೇ ಇಲ್ಲ, ನೀನಾದರೂ ಹೇಳು" ಅಂತ. ರೈಲು ಬಂದುಬಿಟ್ಟಿತ್ತು. ನನಗೂ ಗಂಟಲು ಕಟ್ಟಿತ್ತು. ಅದಕ್ಕೆ ಈಗ ಬರೆಯುತ್ತಿದ್ದೇನೆ. ಮಾಸ್ಟ್ರಾಗಿದ್ದ ನಿನ್ನ ಅಪ್ಪನ ಹತ್ತಿರ ಅಕ್ಷರ ಕಲಿತವರು ಎಲ್ಲೆಲ್ಲೋ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಡ ಅನಿಸಿದರೆ ಹೇಳು, ತೆಗೆಯುತ್ತೇನೆ.

ಆ ದಿನಗಳಲ್ಲಿ ಸಂಜೆ ಚಾವಡಿಯಲ್ಲಿ ಗರುಡಪುರಾಣ ಓದುತ್ತಿದ್ದರು, ನೆನಪಿದೆಯಾ? ನೀನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದೆ. ಒಂದು ಕಡೆ ಮಾತ್ರ ತಲೆ ಎತ್ತಿ ನೋಡಿದೆ. ಶ್ರವಣರ ವಿಷಯ ಬಂದಾಗ. ನಾನೂ ಆಗ ನಿನ್ನ ಮುಖವನ್ನೇ ನೋಡಿದೆ.

ಚಿಕ್ಕಂದಿನಲ್ಲಿ ನಮಗೆ ಚಿತ್ರಗುಪ್ತ ಅಂದರೆ ಹೆದರಿಕೆ. ಪಕ್ಕದ ಮನೆಯ ಪೇರಳೆಗೆ ಕಲ್ಲು ಹೊಡೆದರೂ "ಚಿತ್ರಗುಪ್ತ ಬರೆದುಕೊಳ್ತಾನೆ" ಅನ್ನುತ್ತಿದ್ದರು ನಿನ್ನ ಅಜ್ಜಿ. ಸತ್ತವರ ಲೆಕ್ಕ ಇಟ್ಟು ಮುಗಿಯದೆ ಯಮ ಹೋಗಿ ಬ್ರಹ್ಮನ ಹತ್ತಿರ ದೂರಿದನಂತೆ. ಬ್ರಹ್ಮ ತಪಸ್ಸಿಗೆ ಕೂತು ಕಣ್ಣು ಬಿಟ್ಟಾಗ ಎದುರಿಗೆ ಲೇಖನಿ, ಮಸಿಕುಡಿಕೆ ಹಿಡಿದವನೊಬ್ಬ ನಿಂತಿದ್ದನಂತೆ. ಬ್ರಹ್ಮನ ಕಾಯದಿಂದ ಬಂದದ್ದಕ್ಕೆ ಕಾಯಸ್ಥ ಅಂತ ಹೆಸರು. ಉತ್ತರದ ಕಡೆ ಅವನ ವಂಶದವರು ಅಂದುಕೊಳ್ಳುವ ಕಾಯಸ್ಥರು ದೀಪಾವಳಿ ಕಳೆದು ಯಮದ್ವಿತೀಯದ ದಿನ ಪೆನ್ನು, ಮಸಿಕುಡಿಕೆಗೆ ಪೂಜೆ ಮಾಡುತ್ತಾರೆ. ಅವನ ಲೆಕ್ಕದ ಪುಸ್ತಕಕ್ಕೆ ಅಗ್ರಸಂಧಾನಿ ಅಂತ ಹೆಸರು. ಇದೆಲ್ಲ ನಮಗೆ ಹೇಳಿಕೊಟ್ಟದ್ದು ನಿನ್ನ ಅಪ್ಪನೇ.

ನಿವೃತ್ತಿಯಾದ ಮೇಲೆ ಒಮ್ಮೆ ನಾನು ಅವರನ್ನು ಕಾಂಚೀಪುರಕ್ಕೆ ಕರೆದುಕೊಂಡು ಹೋಗಿದ್ದೆ. ದೊಡ್ಡ ದೊಡ್ಡ ಗೋಪುರಗಳನ್ನೆಲ್ಲ ಬೇಗ ನೋಡಿ ಮುಗಿಸಿದರು. ಚಿತ್ರಗುಪ್ತನ ಗುಡಿಯಲ್ಲಿ ಮಾತ್ರ ಕಾಲು ಕೀಳಲೇ ಇಲ್ಲ. ಅಲ್ಲಿ ಅವನು ಕೂತಿದ್ದಾನೆ. ಒಂದು ಕೈಯಲ್ಲಿ ಓಲೆಗರಿ, ಇನ್ನೊಂದರಲ್ಲಿ ಬರೆಯುವ ಕಂಟ. ಮಾಸ್ಟ್ರು ತುಂಬ ಹೊತ್ತು ನೋಡಿ, "ಇವನು ಕೂತು ಬರೆಯುವವನು. ತಿರುಗಾಡಿ ಸುದ್ದಿ ತರುವವರು ಬೇರೆ ಇದ್ದಾರೆ" ಅಂದರು. ಶ್ರವಣರ ಹೆಸರು ನಾನು ಮೊದಲು ಕೇಳಿದ್ದು ಅಲ್ಲಿಯೇ.

ಶ್ರವಣರು ಬ್ರಹ್ಮನ ಮಕ್ಕಳು. ಸ್ವರ್ಗ, ಭೂಮಿ, ಪಾತಾಳ ಮೂರೂ ಕಡೆ ತಿರುಗುತ್ತಾರೆ. ದೂರದ್ದು ಅವರಿಗೆ ಕಾಣುತ್ತದೆ, ಕೇಳುತ್ತದೆ. ಮನುಷ್ಯರು ಮಾಡಿದ್ದು, ಆಡಿದ್ದು ಎಲ್ಲವನ್ನೂ ತಿಳಿದು ಚಿತ್ರಗುಪ್ತನಿಗೆ ಮುಟ್ಟಿಸುತ್ತಾರೆ. ಅವರ ಹೆಂಡಂದಿರು ಶ್ರವಣಿಯರು, ಹೆಂಗಸರ ಬದುಕು ಅವರಿಗೆ ಗೊತ್ತು. ಹೆಸರೇ ನೋಡು, ಕೇಳುವವರು ಅಂತ. ಬರೆಯುವುದಕ್ಕಿಂತ ಮೊದಲು ಯಾರೋ ಒಬ್ಬರು ಹೋಗಿ ಕೇಳಬೇಕು, ಅಲ್ವಾ?

ನಿನ್ನ ಅಪ್ಪ ಇಷ್ಟು ವರ್ಷ ಮಾಡಿದ್ದು ಅದನ್ನೇ.

ಅವರು ಅರ್ಜಿ ಬರೆದುಕೊಡುತ್ತಿದ್ದರು ಅಂತ ನಿನಗೆ ಗೊತ್ತು. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಾಗದದ ಭಾಷೆ ಬದಲಾಯಿತು, ಮನೆಯ ಭಾಷೆ ಬದಲಾಗಲಿಲ್ಲ. ಕನ್ನಡ, ತುಳು ಮಾತ್ರ ಗೊತ್ತಿರುವವರು ಕೈಯಲ್ಲಿ ನೋಟೀಸು ಹಿಡಿದುಕೊಂಡು ನಿಮ್ಮ ಜಗಲಿಗೆ ಬರುತ್ತಿದ್ದರು. ಇಷ್ಟು ನೀನೂ ನೋಡಿದ್ದೀಯ. ಬರಲಿಕ್ಕೇ ಆಗದವರ ಮನೆಗೆ ಇವರೇ ಹೋಗುತ್ತಿದ್ದರು, ಅದು ನಿನಗೆ ಗೊತ್ತಿರಲಿಕ್ಕಿಲ್ಲ.

ಒಮ್ಮೆ ನನ್ನನ್ನೂ ಎಣ್ಮಕಜೆ ಪಂಚಾಯತಿನ ಸ್ವರ್ಗದ ಕಡೆಗೆ ಕರೆದುಕೊಂಡು ಹೋದರು. ಊರಿನ ಹೆಸರೇ ಸ್ವರ್ಗ. 2000ದವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಾಗ ಅದು. ಬಸ್ಸಿಳಿದು ಗುಡ್ಡ ಹತ್ತಿದೆವು. ಜೋರು ಮಳೆ. ಆ ಮನೆಯಲ್ಲಿ ಚಾಪೆಯ ಮೇಲೆ ಒಬ್ಬಳು ಹುಡುಗಿ. ಹದಿನಾಲ್ಕು ವರ್ಷ ಅಂದರು, ನೋಡಲಿಕ್ಕೆ ಆರರ ಮಗುವಿನಷ್ಟೇ. ಮಾಸ್ಟ್ರು ಬೆಂಚಿನ ಮೇಲೆ ಕೂರಲಿಲ್ಲ. ಚಾಪೆಯ ಪಕ್ಕ ನೆಲದ ಮೇಲೆ ಕೂತು ಮೊದಲು ಆ ಹುಡುಗಿಯನ್ನು ಮಾತಾಡಿಸಿದರು. ಅವಳು ಅವರ ಕೊಡೆಯಿಂದ ಇಳಿಯುವ ನೀರನ್ನೇ ನೋಡುತ್ತಿದ್ದಳು. ಅವರು ಕೊಡೆ ಸ್ವಲ್ಪ ಅಲ್ಲಾಡಿಸಿದರು. ಅವಳು ನಕ್ಕಳು.

ಹುಟ್ಟಿದ ತಾರೀಕು ಕೇಳಿದರೆ ತಾಯಿಗೆ ಗೊತ್ತಿಲ್ಲ. "ಆಟಿ ತಿಂಗಳು, ಗಾಳಿಗೆ ತೋಟದ ಅಡಿಕೆ ಮರ ಬಿದ್ದ ವರ್ಷ" ಅಂದರು. ಮಾಸ್ಟ್ರು ಅದನ್ನೂ ಹಾಗೆಯೇ ಬರೆದುಕೊಂಡರು. ಆ ತಾಯಿ ತುಳುವಿನಲ್ಲಿ ಒಂದೂವರೆ ಗಂಟೆ ಮಾತಾಡಿದರು. ಅರ್ಜಿಗೆ ಬೇಕಾದದ್ದು ಅದರಲ್ಲಿ ನಾಲ್ಕೇ ಸಾಲು. ಇವರು ಒಂದು ಸಲವೂ "ಅದು ಬೇಡ, ಇದು ಹೇಳಿ" ಅನ್ನಲಿಲ್ಲ. ಕನ್ನಡದಲ್ಲಿ ಗುರುತು ಹಾಕಿಕೊಂಡು, ಮಲಯಾಳದಲ್ಲಿ ಅರ್ಜಿ ಬರೆದು, ಕೊನೆಗೆ ತುಳುವಿನಲ್ಲಿ ಓದಿ ಹೇಳಿದರು. ತನ್ನ ಮಗಳ ಹೆಸರು ಬಂದಾಗ ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಬರುವಾಗ ಕೊಡೆಯನ್ನು ಅಲ್ಲೇ ಬಿಟ್ಟು, ಇಬ್ಬರೂ ನನ್ನ ಒಂದೇ ಕೊಡೆಯಲ್ಲಿ ನೆನೆಯುತ್ತಾ ಗುಡ್ಡ ಇಳಿದೆವು.

2017ರ ಜನವರಿಯಲ್ಲಿ ಎಂಡೋಸಲ್ಫಾನ್ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ಆದರೆ ಅದಕ್ಕೆ ಪಟ್ಟಿಯಲ್ಲಿ ಹೆಸರಿರಬೇಕು. ಹೆಸರು ಸೇರದವರ ಮನೆಗಳಿಗೆ ಆಮೇಲೆ ಮಾಸ್ಟ್ರು ಇನ್ನೂ ಜಾಸ್ತಿ ಹೋಗಲು ಶುರು ಮಾಡಿದರು. ಮೊಣಕಾಲು ನೋವು ಅಂತ ನಿನಗೆ ಫೋನಿನಲ್ಲಿ ಹೇಳುತ್ತಿದ್ದರಲ್ಲ, ಅದು ಆ ಗುಡ್ಡಗಳದ್ದು. ನಾನು ಬೈದರೆ ಮಹಾಭಾರತದ ಅನುಶಾಸನ ಪರ್ವ ತೆಗೆಯುತ್ತಿದ್ದರು. ಅಲ್ಲಿ ಚಿತ್ರಗುಪ್ತನ ಮಾತು ಬರುತ್ತದೆ. ಏನು ಕೊಡಬೇಕು ಅಂದರೆ ಕುಡಿಯುವ ನೀರು, ದೀಪ, ಪಾದರಕ್ಷೆ, ಕೊಡೆ. "ಲೆಕ್ಕ ಇಡುವವನೇ ಹೇಳಿದ್ದು ಮಾರಾಯ, ಎಷ್ಟು ಸಣ್ಣ ಸಣ್ಣ ವಸ್ತು ನೋಡು" ಅನ್ನುತ್ತಿದ್ದರು. ಆ ಮನೆಯಲ್ಲಿ ಬಿಟ್ಟುಬಂದ ಕೊಡೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಇನ್ನು ಆ ರಾತ್ರಿ. ನೀನು ಬಾಯಿ ಬಿಟ್ಟು ಕೇಳಲಿಲ್ಲ. ಆದರೂ ಹೇಳುತ್ತೇನೆ.

ಎಂಟು ಗಂಟೆಗೆ ಗಂಜಿ ಕೊಟ್ಟೆ. ಗಟ್ಟಿ ಗಂಜಿ, ಸ್ವಲ್ಪ ಉಪ್ಪು. ದಿಂಬಿಗೆ ಒರಗಿಸಿ ಕೂರಿಸಿದ್ದೆ. ಚಮಚ ಬಾಯಿಯ ಹತ್ತಿರ ತಂದರೆ ತಡಿ ಅನ್ನುವ ಹಾಗೆ ಕೈ ಎತ್ತಿದರು. ಬಟ್ಟಲಿಗೆ ಬೆರಳಿಟ್ಟು ಒಂದೊಂದೇ ಅಗುಳು ತೆಗೆದು, ಊಟಕ್ಕೆ ಮೊದಲು ಇಡುವ ಚಿತ್ರಾಹುತಿ ಅಂತ ತಟ್ಟೆಯ ಬಲಬದಿಗೆ ಇಟ್ಟರು. ಚಿತ್ರಾಯ, ಚಿತ್ರಗುಪ್ತಾಯ, ಯಮಾಯ, ಯಮಧರ್ಮಾಯ, ಸರ್ವಭೂತೇಭ್ಯಃ. ಬೆರಳು ನಡುಗುತ್ತಿತ್ತು. ನಾಲ್ಕನೆಯ ಅಗುಳು ಜಾರಿ ಹಾಸಿಗೆಗೆ ಬಿತ್ತು. ಬಿಡಿ ಮಾಸ್ಟ್ರೇ ಅಂದೆ. ಕೇಳಲಿಲ್ಲ, ಇನ್ನೊಂದು ತೆಗೆದು ಇಟ್ಟರು. ಆಮೇಲೆ ನಾಲ್ಕು ಚಮಚ ಗಂಜಿ ಕುಡಿದರು. "ಅವನು ನಾಳೆ ಹೊರಡುತ್ತಾನಂತಾ?" ಅಂತ ನಿನ್ನ ವಿಷಯ ಕೇಳಿದರು. ಹೌದು ಅಂದೆ. ಮಲಗಿದರು. ಬೆಳಗಿನ ಜಾವ ನೋಡುವಾಗ ಉಸಿರು ಇರಲಿಲ್ಲ. ನೋವು ಪಟ್ಟದ್ದು ನನಗೆ ಕಾಣಲಿಲ್ಲ, ನಾನು ಪಕ್ಕದಲ್ಲೇ ಇದ್ದೆ.

ಅರ್ಜಿಗಳ ಲೆಕ್ಕ ಬರೆದಿಟ್ಟ ಪುಸ್ತಕ ನನ್ನ ಹತ್ತಿರ ಇದೆ. ತಾರೀಕು, ಮನೆ, ಏನು ಬೇಕು, ಸಿಕ್ಕಿತೋ ಇಲ್ಲವೋ. ಸಿಕ್ಕಿದ್ದಕ್ಕೆಲ್ಲ ಕೆಂಪು ಗುರುತು. ಕೊನೆಯ ಪುಟದ ಒಂದು ಪಿಂಚಣಿ ಕಾಗದಕ್ಕೆ ಗುರುತು ಬಿದ್ದಿಲ್ಲ. ಸೋಮವಾರ ನಾನೇ ಆ ಮನೆಗೆ ಹೋಗಿ, ಅಲ್ಲಿಂದ ಕಚೇರಿಗೆ ಹೋಗುತ್ತೇನೆ. ಕೆಲಸ ಆದರೂ ನಾನು ಗುರುತು ಹಾಕುವುದಿಲ್ಲ. ಮುಂದಿನ ಸಲ ಬಂದಾಗ ನೀನು ಹಾಕು. ಅವರ ಕೆಂಪು ಪೆನ್ನು ಪುಸ್ತಕದ ಒಳಗೇ ಇದೆ.

ಇಂತಿ ನಿನ್ನ ಗೆಳೆಯ