ದಿನಕ್ಕೊಂದು ಅಧ್ಯಾಯ

ಎಡಿನ್‌ಬರೊ
ಅಕ್ಟೋಬರ್ 14

ತೀರ್ಥರೂಪರಾದ ಅಪ್ಪನವರಿಗೂ ಅಮ್ಮನಿಗೂ ನಿಮ್ಮ ಮಗಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ವಾರಕ್ಕೆರಡು ಸಲ ಫೋನಿನಲ್ಲಿ ಮಾತನಾಡುವವಳು ಕಾಗದ ಏಕೆ ಬರೆದಳೆಂದು ಅಮ್ಮ ಗಾಬರಿಯಾಗುವುದು ಬೇಡ. ಕಳೆದ ಶನಿವಾರ ಆಂದ್ರೇಯ್ ತೀರಿಕೊಂಡ. ಭಾನುವಾರ ನಿಮಗೆ ಅದನ್ನೇ ಹೇಳಬೇಕೆಂದು ಫೋನ್ ಮಾಡಿದ್ದೆ. ಗಂಟಲು ಕಟ್ಟಿತು, ಬೇರೆ ಏನೋ ಮಾತನಾಡಿ ಇಟ್ಟುಬಿಟ್ಟೆ.

ಆಂದ್ರೇಯ್ ಬೊಲ್ಕೋನ್‌ಸ್ಕಿ ಎಂದರೆ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯ ಆಂದ್ರೇಯ್. 1812ರ ಬೊರೊದಿನೊ ಕದನದಲ್ಲಿ ಗಾಯಗೊಂಡು, ವಾರಗಟ್ಟಲೆ ನರಳಿ, ಯಾರೊಸ್ಲಾವ್ಲ್ ಊರಿನ ಒಂದು ಮನೆಯಲ್ಲಿ ತಂಗಿ ಮಾರ್ಯಾ ಮತ್ತು ಅವನು ಪ್ರೀತಿಸಿದ ನತಾಶಾ ಇಬ್ಬರ ಎದುರೇ ಪ್ರಾಣ ಬಿಡುತ್ತಾನೆ. ಜನವರಿ ಒಂದರಿಂದ ಅವನೊಂದಿಗೆ ದಿನವೂ ಇದ್ದವರು ನಾವು. ಅಂದು ಆ ಅಧ್ಯಾಯವನ್ನು ಗಟ್ಟಿಯಾಗಿ ಓದುವ ಸರದಿ ನಮ್ಮ ಓದುಗರ ಗುಂಪಿನ ನಿವೃತ್ತ ದಾದಿಯದು. ಸಾಯುವ ಮೊದಲು ಆಂದ್ರೇಯ್‌ಗೆ ಒಂದು ಕನಸು ಬೀಳುತ್ತದೆ. ಬಾಗಿಲಿನ ಆಚೆ ಏನೋ ನಿಂತಿದೆ, ಒಳಗೆ ನುಗ್ಗಲು ತಳ್ಳುತ್ತಿದೆ. ಇವನು ಅಗುಳಿ ಹಾಕಲು ಓಡುತ್ತಾನೆ, ಕಾಲು ಬರುವುದಿಲ್ಲ. ಮೈಯೆಲ್ಲ ಕೊಟ್ಟು ಬಾಗಿಲನ್ನು ಒತ್ತಿ ಹಿಡಿಯುತ್ತಾನೆ. ಅದು ಒಳಗೆ ಬಂದೇ ಬಿಡುತ್ತದೆ. ಅದು ಸಾವು. ಕನಸಿನಲ್ಲಿ ಸತ್ತ ಆ ಕ್ಷಣಕ್ಕೇ ಅವನಿಗೆ ಎಚ್ಚರವಾಗುತ್ತದೆ. ಆ ಹೊತ್ತಿನಿಂದ ಅವನು ಇವರ ಕಡೆ ನೋಡಿದರೂ ಇವರನ್ನು ನೋಡುವುದಿಲ್ಲ. ದಾದಿ ಅಲ್ಲಿಗೆ ಬಂದಾಗ ಪುಸ್ತಕವನ್ನು ಮಡಿಲಲ್ಲಿಟ್ಟು, “ಇದು ನಿಜ. ಕೊನೆಯ ಎರಡು ದಿನ ಇಂಥ ನೋಟವನ್ನು ನಾನು ಎಷ್ಟೋ ಮಂದಿಯಲ್ಲಿ ಕಂಡಿದ್ದೇನೆ. ಮನೆಯವರಿಗೆ ಅದನ್ನು ಹೇಗೆ ಹೇಳುವುದೆಂದು ನನಗೆ ಎಂದೂ ತಿಳಿಯಲಿಲ್ಲ” ಎಂದರು. ಒಂಬತ್ತು ಜನರಲ್ಲಿ ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದಕ್ಕೆ ಓದಿದರು.

ಅಪ್ಪ, ನಮ್ಮ ಓದಿನ ಕ್ರಮವನ್ನು ನಿಮಗೆ ಸರಿಯಾಗಿ ಹೇಳಿಯೇ ಇರಲಿಲ್ಲ. ಕಾದಂಬರಿಯಲ್ಲಿ 361 ಅಧ್ಯಾಯಗಳಿವೆ. ಹೆಚ್ಚಿನವು ನಾಲ್ಕೈದು ಪುಟದವು. ದಿನಕ್ಕೊಂದರಂತೆ ಓದಿದರೆ ವರ್ಷ ತುಂಬುತ್ತದೆ, ಜ್ವರಕ್ಕೋ ಪ್ರಯಾಣಕ್ಕೋ ನಾಲ್ಕು ದಿನ ಉಳಿಯುತ್ತದೆ. ವಾರವೆಲ್ಲ ಅವರವರ ಮನೆಯಲ್ಲಿ ಓದು. ಶನಿವಾರ ನಮ್ಮ ಬಡಾವಣೆಯ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಸೇರಿ, ಆ ಏಳರಲ್ಲಿ ಒಂದನ್ನು ಆರಿಸಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ನಿಯಮ ಒಂದೇ: ಮುಂದಿನ ಅಧ್ಯಾಯವನ್ನು ಯಾರೂ ಓದಕೂಡದು, ಓದಿದ್ದರೂ ಬಾಯಿ ಬಿಡಕೂಡದು. ಶುರುವಿನಲ್ಲಿ ಹದಿನಾಲ್ಕು ಜನರಿದ್ದೆವು. ಐವರು ಫೆಬ್ರವರಿಯೊಳಗೆ ಬಿಟ್ಟರು.

ಬಿಟ್ಟವರೆಲ್ಲ ಹೇಳಿದ್ದು ಹೆಸರುಗಳ ಕಾಟ. ನೀವು ನಿಲ್ಲಿಸಿದ್ದೂ ಅದಕ್ಕೇ ಅಲ್ಲವೆ? ಕಳೆದ ಸಲ ಬಂದಾಗ ನಿಮ್ಮ ಕಪಾಟಿನಲ್ಲಿ ಓ.ಎಲ್. ನಾಗಭೂಷಣಸ್ವಾಮಿಯವರ ಕನ್ನಡ ಅನುವಾದವನ್ನು ನೋಡಿದೆ. ಶುರುವಿನ ಪುಟಗಳಲ್ಲೇ ಎಲ್ಲೋ ಒಂದು ಬಸ್ ಟಿಕೆಟ್ ಗುರುತಿಗೆ ನಿಂತಿತ್ತು. ಕೇಳಬೇಕೆನಿಸಿದರೂ ಕೇಳಲಿಲ್ಲ. ಹೆಸರಿನ ಗಂಟು ಬಿಚ್ಚುವುದು ಸುಲಭ ಅಪ್ಪ. ಮೊದಲನೆಯದು ಸ್ವಂತ ಹೆಸರು, ನಡುವಿನದು ತಂದೆಯ ಹೆಸರು, ಕೊನೆಯದು ಮನೆತನದ್ದು. ತಂದೆ ನಿಕೊಲಾಯ್ ಆದರೆ ಮಗ ಆಂದ್ರೇಯ್ ನಿಕೊಲಾಯೆವಿಚ್, ಮಗಳು ಮಾರ್ಯಾ ನಿಕೊಲಾಯೆವ್ನ. ದೂರದವರು ಮೊದಲೆರಡನ್ನೂ ಸೇರಿಸಿ ಮರ್ಯಾದೆಯಿಂದ ಕರೆಯುತ್ತಾರೆ. ಹತ್ತಿರದವರು ಮುದ್ದಿನ ಹೆಸರಿನಿಂದ ಕರೆಯುತ್ತಾರೆ, ನತಾಲ್ಯಾ ಹೀಗೆ ನತಾಶಾ ಆಗುತ್ತಾಳೆ. ಯಾರು ಯಾರನ್ನು ಹೇಗೆ ಕರೆದರು ಎಂಬುದನ್ನು ಗಮನಿಸಿದರೆ ಅವರ ನಡುವಿನ ಸಲಿಗೆ ಎಷ್ಟೆಂದು ತಿಳಿಯುತ್ತದೆ. ನಾವು ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ರೊಸ್ತೋವ್, ಬೊಲ್ಕೋನ್‌ಸ್ಕಿ, ಕುರಾಗಿನ್ ಮನೆತನಗಳನ್ನು ಮೂರು ಬಣ್ಣದಲ್ಲಿ ಬರೆದೆವು. ಏಪ್ರಿಲ್ ಹೊತ್ತಿಗೆ ಆ ಹಾಳೆಯ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಷ್ಟರಲ್ಲಿ ಅವರು ನೆರೆಮನೆಯವರಾಗಿದ್ದರು.

ನಿಧಾನವಾಗಿ ಓದುವುದೆಂದರೆ ಏನೆಂದು ನನಗೆ ಮಾರ್ಚ್‌ನಲ್ಲಿ ತಿಳಿಯಿತು. ನಿಕೊಲಾಯ್ ರೊಸ್ತೋವ್ ಇಸ್ಪೀಟು ಆಡಲು ಕೂರುತ್ತಾನೆ. ಎದುರಿಗಿರುವವನು ದೊಲೊಖೋವ್, ಸೇಡು ಇಟ್ಟುಕೊಂಡವನು. ಅಂದಿನ ಅಧ್ಯಾಯ ಅಲ್ಲಿಗೆ ಮುಗಿಯಿತು. ಮರುದಿನ ಅವನು 43,000 ರೂಬಲ್ ಸೋತ. ಮೂರನೆಯ ದಿನ ಮನೆಗೆ ಬಂದ. ಅಲ್ಲಿ ಎಲ್ಲರೂ ಸಂತೋಷದಲ್ಲಿದ್ದಾರೆ, ತಂಗಿ ನತಾಶಾ ಹಾಡುತ್ತಿದ್ದಾಳೆ. ಅವಳ ಸ್ವರ ಮೇಲಕ್ಕೆ ಏರಿದಾಗ ಒಂದು ಗಳಿಗೆ ಅವನಿಗೆ ಸಾಲವೂ ಮಾನವೂ ದೊಲೊಖೋವನೂ ಎಲ್ಲ ಮರೆತುಹೋಗುತ್ತದೆ. ತಂದೆಯ ಮುಂದೆ ನಿಂತು ಬಾಯಿ ಬಿಟ್ಟದ್ದು ನಾಲ್ಕನೆಯ ದಿನ. ಒಂದೇ ಸಲಕ್ಕೆ ಕೂತು ಓದಿದ್ದರೆ ಅದು ಅರ್ಧ ಗಂಟೆಯ ಸಂಗತಿ. ನಾನು ಆ ನಾಲ್ಕು ದಿನವೂ ಕಚೇರಿಯಲ್ಲಿ ಕೂತು, ‘ಹುಡುಗ ತಂದೆಗೆ ಹೇಗೆ ಹೇಳುತ್ತಾನೆ’ ಎಂದು ಯೋಚಿಸುತ್ತಿದ್ದೆ. ತಂದೆ ಬೈಯುವುದಿಲ್ಲ ಅಪ್ಪ. ಕಣ್ಣು ತಪ್ಪಿಸಿ, ಯಾರಿಗೆ ತಾನೆ ಆಗುವುದಿಲ್ಲ ಎನ್ನುವಂತೆ ಏನೋ ತೊದಲಿ, ಕೋಣೆಯಿಂದ ಹೊರಟುಬಿಡುತ್ತಾರೆ. ಮಗ ಅಳುತ್ತಾನೆ.

ಇದಕ್ಕೂ ಮೊದಲು, ಫೆಬ್ರವರಿಯ ನಡುವೆ, ನನ್ನ ಓದುವ ಸರದಿ ಬಂದಿತ್ತು. ಬಂದದ್ದು ಕ್ಯಾಪ್ಟನ್ ತೂಷಿನ್‌ನ ಅಧ್ಯಾಯ. ಇದನ್ನು ನಿಮಗೆ ಬಿಡಿಸಿ ಹೇಳಲೇಬೇಕು.

1805ರ ನವೆಂಬರ್, ಷೋನ್‌ಗ್ರಾಬರ್ನ್ ಕದನ. ರಷ್ಯದ ಮುಖ್ಯ ಸೇನೆ ಹಿಂದಕ್ಕೆ ಸರಿದು ಪಾರಾಗಬೇಕು, ಅದಕ್ಕಾಗಿ ದಳಪತಿ ಬಗ್ರಾತಿಯೋನ್‌ನ ಸಣ್ಣ ಪಡೆ ಫ್ರೆಂಚರನ್ನು ತಡೆದು ನಿಲ್ಲಬೇಕು. ನಡುವಿನಲ್ಲಿ ತೂಷಿನ್‌ನ ನಾಲ್ಕು ಫಿರಂಗಿ. ಕುಳ್ಳ, ಬಡಕಲ, ಮೆಲುದನಿಯ ಮನುಷ್ಯ. ಮೊದಲ ಸಲ ಕಂಡಾಗ ಬೂಟಿಲ್ಲದೆ ಕಾಲುಚೀಲದಲ್ಲೇ ಮೇಲಧಿಕಾರಿಯ ಕೈಗೆ ಸಿಕ್ಕಿಬಿದ್ದಿರುತ್ತಾನೆ. ಯಾರ ಅಪ್ಪಣೆಯೂ ಇಲ್ಲದೆ, ತನ್ನ ಹವಾಲ್ದಾರನನ್ನು ಕೇಳಿಕೊಂಡು, ಎದುರಿನ ಹಳ್ಳಿಗೆ ಗುಂಡು ಹಾರಿಸಿ ಬೆಂಕಿ ಹಚ್ಚುತ್ತಾನೆ. ಶತ್ರುಗಳ ಮುನ್ನಡೆಯನ್ನು ತಡೆದದ್ದು ಅದೇ. ಅವನಿಗೆ ಬೆಂಗಾವಲಾಗಿದ್ದ ತುಕಡಿಯನ್ನು ಯಾರೋ ಹಿಂದಕ್ಕೆ ಕರೆದುಕೊಂಡಿರುತ್ತಾರೆ. ಅದು ಅವನ ಲಕ್ಷ್ಯಕ್ಕೇ ಇಲ್ಲ. ಅವನ ತಲೆಯಲ್ಲಿ ಆಗ ಬೇರೆಯೇ ಲೋಕ. ಶತ್ರುವಿನ ಫಿರಂಗಿಗಳು ಅವನಿಗೆ ಯಾರೋ ಸೇದುತ್ತಿರುವ ಹೊಗೆಸೊಪ್ಪಿನ ಕೊಳವೆಗಳು, ಆಗೀಗ ಹೊಗೆ ಬಿಡುತ್ತವೆ. ತನ್ನ ಅಂಚಿನ ಹಳೆಯ ದೊಡ್ಡ ಫಿರಂಗಿಗೆ ಮತ್ವೇವ್ನ ಎಂದು ಹೆಸರಿಟ್ಟು, ಮನೆಯ ಹಿರಿಯ ಹೆಂಗಸನ್ನು ಮಾತನಾಡಿಸುವಂತೆ ಮಾತನಾಡಿಸುತ್ತಾನೆ.

ಸಂಜೆ ಅವನನ್ನು ಕರೆಸುತ್ತಾರೆ. ಗುಡಿಸಲಿನ ತುಂಬ ದೊಡ್ಡ ಅಧಿಕಾರಿಗಳು. ಎರಡು ಫಿರಂಗಿಗಳನ್ನು ಬಿಟ್ಟು ಬಂದದ್ದೇಕೆ ಎಂದು ಬಗ್ರಾತಿಯೋನ್ ಕೇಳುತ್ತಾನೆ. ಬೆಂಗಾವಲೇ ಇರಲಿಲ್ಲ ಎಂದು ತೂಷಿನ್ ಹೇಳಬಹುದಿತ್ತು, ಅದು ಸತ್ಯವೂ ಹೌದು. ಹೇಳಿದರೆ ಇನ್ನೊಬ್ಬ ಅಧಿಕಾರಿಗೆ ತೊಂದರೆಯಾದೀತು ಎಂದು ಹೇಳುವುದಿಲ್ಲ. ತಪ್ಪು ಮಾಡಿದ ಶಾಲೆಯ ಹುಡುಗನಂತೆ ಬಗ್ರಾತಿಯೋನ್‌ನ ಮುಖ ನೋಡುತ್ತ ನಿಲ್ಲುತ್ತಾನೆ. ಆಗ ಮೂಲೆಯಲ್ಲಿದ್ದ ಆಂದ್ರೇಯ್ ಎದ್ದು ಸತ್ಯವನ್ನು ಹೇಳುತ್ತಾನೆ: ಈ ದಿನ ನಾವು ಉಳಿದಿರುವುದು ಮುಖ್ಯವಾಗಿ ಈ ಮನುಷ್ಯನಿಂದ.

ಅಪ್ಪ, ನಾನು ಏಳನೆಯ ತರಗತಿಯಲ್ಲಿದ್ದಾಗ ನೀವು ಒಂದು ಸಂಜೆ ಕಚೇರಿಯಿಂದ ಬಂದು, ಚಪ್ಪಲಿ ಬಿಡದೆ, ವರಾಂಡದಲ್ಲೇ ಕತ್ತಲಾಗುವವರೆಗೆ ಕುಳಿತಿದ್ದಿರಿ. ಬೇರೆಯವರ ತಪ್ಪಿಗೆ ನಿಮಗೆ ನೋಟಿಸು ಕೊಟ್ಟಿದ್ದರೆಂದೂ, ನೀವು ಆ ಬೇರೆಯವರ ಹೆಸರು ಹೇಳಲಿಲ್ಲವೆಂದೂ ಎಷ್ಟೋ ವರ್ಷಗಳ ಮೇಲೆ ಅಮ್ಮ ಹೇಳಿದರು. ಅಂದು ನಿಮ್ಮ ಪರವಾಗಿ ಎದ್ದು ನಿಂತು ಮಾತನಾಡುವ ಒಬ್ಬ ಆಂದ್ರೇಯ್ ಆ ಕೋಣೆಯಲ್ಲಿ ಇರಲಿಲ್ಲ. ಗಟ್ಟಿಯಾಗಿ ಓದುತ್ತಿದ್ದವಳಿಗೆ ತೂಷಿನ್ ಮಾತು ಬಾರದೆ ನಿಂತ ಸಾಲಿಗೆ ಬಂದಾಗ ನನಗೂ ಮಾತು ಬರಲಿಲ್ಲ. ಪಕ್ಕದಲ್ಲಿದ್ದವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಂದುವರಿಸಿದರು. ಆ ಸಂಜೆಯ ಕುರಿತು ನಾವಿಬ್ಬರೂ ಇದುವರೆಗೆ ಮಾತನಾಡಿಲ್ಲ. ಈ ಕಾಗದ ಬರೆಯಲು ಅದೂ ಒಂದು ಕಾರಣ.

ನಮ್ಮ ಗುಂಪಿನಲ್ಲಿ ರಷ್ಯದಲ್ಲಿ ಹುಟ್ಟಿದ ಒಬ್ಬ ಅಜ್ಜಿ ಇದ್ದಾರೆ. ಪುಸ್ತಕದ ಹೆಸರಿನಲ್ಲಿರುವ ‘ಮೀರ್’ ಎಂಬ ಮಾತಿಗೆ ಶಾಂತಿ ಎಂಬ ಅರ್ಥವಿದೆ. ಕಿವಿಗೆ ಅದೇ ಆಗಿ ಕೇಳುವ ಇನ್ನೊಂದು ‘ಮೀರ್’ ಇದೆ, ಅದಕ್ಕೆ ಲೋಕ ಎಂದು ಅರ್ಥ, ಹಳ್ಳಿಯ ರೈತ ಸಮುದಾಯ ಎಂದೂ ಅರ್ಥ. ಹಿಂದೆ ಎರಡನ್ನೂ ಬೇರೆ ಬೇರೆ ಅಕ್ಷರದಲ್ಲಿ ಬರೆಯುತ್ತಿದ್ದರು, ಟಾಲ್‌ಸ್ಟಾಯ್ ಇಟ್ಟ ಹೆಸರಿನಲ್ಲಿರುವುದು ಶಾಂತಿಯದು. ಜುಲೈ ಮೊದಲ ವಾರದಲ್ಲಿ ನತಾಶಾ ಚರ್ಚಿಗೆ ಹೋಗುವ ಅಧ್ಯಾಯ ಬಂತು. ಹಿಂದಿನ ಭಾಗದಲ್ಲಿ ಆದ ಅನಾಹುತದಿಂದ ಅವಳು ಇನ್ನೂ ಚೇತರಿಸಿಕೊಂಡಿಲ್ಲ. ಪಾದ್ರಿಯ ಕೈಕೆಳಗಿನ ಡೀಕನ್ ‘ಶಾಂತಿಯಿಂದ ಪ್ರಾರ್ಥಿಸೋಣ’ ಎನ್ನುತ್ತಾನೆ. ನತಾಶಾ ಅದನ್ನು ‘ಎಲ್ಲರೂ ಒಟ್ಟಾಗಿ, ಮೇಲು ಕೀಳೆನ್ನದೆ, ಹಗೆಯಿಲ್ಲದೆ’ ಎಂದು ತಿಳಿದುಕೊಳ್ಳುತ್ತಾಳೆ. ಅಜ್ಜಿ ಆ ಸಾಲನ್ನು ರಷ್ಯನ್ನಿನಲ್ಲೇ ಎರಡು ಸಲ ಓದಿದರು. ನನ್ನ ಪುಸ್ತಕದಲ್ಲಿ ಆ ಸಾಲು ಇತ್ತು. ಒಬ್ಬಳೇ ಓದಿದ್ದರೆ ಕಣ್ಣು ಅಲ್ಲಿ ಅರೆ ಗಳಿಗೆಯೂ ನಿಲ್ಲುತ್ತಿರಲಿಲ್ಲ.

ಜೇನು ಸಾಕುವವರೂ ಒಬ್ಬರಿದ್ದಾರೆ. ಬಹಳ ಕಡಿಮೆ ಮಾತಿನವರು. ಆಗಸ್ಟ್ ಮುಗಿಯುವವರೆಗೆ ಅವರ ದನಿಯನ್ನು ನಾವು ಹೆಚ್ಚಾಗಿ ಕೇಳಿದ್ದು ಅವರ ಸರದಿ ಬಂದಾಗಲೇ. ಸೆಪ್ಟೆಂಬರ್ ಮೊದಲ ವಾರ, ನೆಪೋಲಿಯನ್ ಬೆಟ್ಟದ ಮೇಲೆ ನಿಂತು, ಮಾಸ್ಕೋದ ಹಿರಿಯರು ಬಂದು ನಗರವನ್ನು ಒಪ್ಪಿಸುತ್ತಾರೆಂದು ಕಾಯುತ್ತಿರುವ ಭಾಗ. ಯಾರೂ ಬರುವುದಿಲ್ಲ, ನಗರ ಖಾಲಿ. ಟಾಲ್‌ಸ್ಟಾಯ್ ಅದನ್ನು ರಾಣಿ ಇಲ್ಲದ ಜೇನುಗೂಡಿಗೆ ಹೋಲಿಸಿ, ಒಂದು ಇಡೀ ಅಧ್ಯಾಯವನ್ನು ಆ ಗೂಡಿಗೇ ಕೊಡುತ್ತಾರೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿದೆ, ಬಿಸಿಲಿನಲ್ಲಿ ಹುಳುಗಳು ಬರುತ್ತವೆ, ಹೋಗುತ್ತವೆ. ಆದರೆ ಗೋಡೆಗೆ ಬಡಿದರೆ, ಸಾವಿರಾರು ಹುಳುಗಳು ಒಂದೇ ಉಸಿರಿನಲ್ಲಿ ಕೊಡುವ ಝೇಂಕಾರವಿಲ್ಲ, ಅಲ್ಲೊಂದು ಇಲ್ಲೊಂದು ಬಿಡಿ ಸದ್ದು. ಜೇನಿನ ಕಂಪಿನ ಜಾಗದಲ್ಲಿ ಕೊಳೆತ ವಾಸನೆ.

ಈ ಮನುಷ್ಯ ಎದ್ದು ನಿಂತು, ತಾವು ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಹೇಗೆ ಬಡಿಯುತ್ತಾರೆಂದು ಮೇಜಿನ ಮೇಲೆ ಬಡಿದು ತೋರಿಸಿದರು. ಆರೋಗ್ಯದ ಗೂಡು ‘ಹುಂ’ ಎಂದು ಒಮ್ಮೆ ಮೊರೆದು ಅಷ್ಟೇ ಬೇಗ ಸುಮ್ಮನಾಗುತ್ತದೆಯಂತೆ. ರಾಣಿ ಹೋದ ಗೂಡು ಗೋಳಿಡುತ್ತದೆ, ಆ ಗೋಳು ಬೇಗ ನಿಲ್ಲುವುದಿಲ್ಲ. ಆ ಎರಡೂ ದನಿಗಳನ್ನು ಅವರು ಗಂಟಲಿನಿಂದ ಹೊರಡಿಸಿದರು. ಹೀಗೆ ಬರೆಯಬೇಕಾದರೆ ಬರೆದವನು ಗೂಡಿನ ಮುಚ್ಚಳ ತೆಗೆದು ಮುಖ ಒಳಗಿಟ್ಟವನೇ ಆಗಿರಬೇಕು ಎಂದರು. ಅದು ನಿಜ ಅಪ್ಪ, ಟಾಲ್‌ಸ್ಟಾಯ್ ತಮ್ಮ ಯಾಸ್ನಯಾ ಪೊಲ್ಯಾನ ಎಸ್ಟೇಟಿನಲ್ಲಿ ಜೇನು ಸಾಕಿದ್ದರು. ಬೊರೊದಿನೊ ಬರೆಯುವ ಮೊದಲೂ 1867ರಲ್ಲಿ ಹೆಂಡತಿಯ ಪುಟ್ಟ ತಮ್ಮನನ್ನು ಕರೆದುಕೊಂಡು ಹೋಗಿ ಆ ಬಯಲನ್ನು ಸುತ್ತಿ ನೋಡಿ ಬಂದಿದ್ದರು.

ಇತಿಹಾಸದ ಬಗ್ಗೆ ಅವರು ಮಾಡುವ ದೀರ್ಘ ವಾದಗಳು ಕೆಲವು ಕಡೆ ಹೇಳಿದ್ದನ್ನೇ ಹೇಳುತ್ತವೆ. ಅಲ್ಲಿ ನಿಮಗೆ ಬೇಸರ ಬಂದರೆ ಬರಲಿ, ಆದರೆ ಹಾರಿಸಬೇಡಿ.

ಅಮ್ಮನಿಗೆ ಮಾರ್ಯಾ ಹಿಡಿಸುತ್ತಾಳೆ. ಅವಳ ತಂದೆ ವಯಸ್ಸಾದ ಸಿಡುಕ, ಮಗಳಿಗೆ ದಿನವೂ ರೇಖಾಗಣಿತ ಕಲಿಸುತ್ತ ಅವಳ ಜೀವ ಹಿಂಡುತ್ತಾನೆ. ಲಕ್ವ ಹೊಡೆದು ಮಾತು ಬಿದ್ದುಹೋದ ಮೇಲೆ, ರಾತ್ರಿಯೆಲ್ಲ ನಿನ್ನನ್ನು ಕರೆದೆ ಎಂದು ಮಗಳಿಗೆ ಹೇಗೋ ತಿಳಿಸುತ್ತಾನೆ. ಅವಳು ಅವನು ಮಲಗಿದ್ದ ಕೋಣೆಯ ಬಾಗಿಲ ಹೊರಗೇ ಇಡೀ ರಾತ್ರಿ ಇದ್ದಳು, ಒಳಗೆ ಹೋಗಲು ಹೆದರಿದ್ದಳು. ಈ ಅಧ್ಯಾಯವನ್ನು ನೀವೇ ಅಮ್ಮನಿಗೆ ಓದಿ ಹೇಳಿ. ಅವರ ಕನ್ನಡಕದ ನಂಬರು ಬದಲಾಗುವವರೆಗೆ ಕಾಯುವುದು ಬೇಡ.

ಕಥೆಯನ್ನೆಲ್ಲ ಮೊದಲೇ ಹೇಳಿಬಿಟ್ಟೆನೆಂದು ಬೇಸರಿಸಬೇಡಿ. ಆಂದ್ರೇಯ್ ಸಾಯುತ್ತಾನೆಂದು ತಿಳಿದೇ ಓದಿದರೂ ಆ ಬಾಗಿಲನ್ನು ನೀವೂ ಒಳಗಿನಿಂದ ಒತ್ತಿ ಹಿಡಿಯುತ್ತೀರಿ.

ಇಲ್ಲಿಯ ಓದು ಡಿಸೆಂಬರ್ ಕೊನೆಯ ವಾರಕ್ಕೆ ಮುಗಿಯುತ್ತದೆ. ಜನವರಿ ಒಂದರಿಂದ ನಾನು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ, ಈ ಸಲ ಕನ್ನಡದಲ್ಲಿ, ನಿಮ್ಮಿಬ್ಬರ ಜೊತೆ. ಅಲ್ಲಿಗೆ ಬರುವ ಸ್ನೇಹಿತೆಯೊಬ್ಬರ ಕೈಯಲ್ಲಿ ನನಗೊಂದು ಪ್ರತಿ ತರಿಸಿಕೊಳ್ಳುತ್ತಿದ್ದೇನೆ. ದಿನಕ್ಕೊಂದು ಅಧ್ಯಾಯ ಅವರವರು ಓದಿಕೊಳ್ಳೋಣ. ಭಾನುವಾರ ನಿಮಗೆ ಸಂಜೆ ಏಳೂವರೆ ಆದಾಗ ಇಲ್ಲಿ ಮಧ್ಯಾಹ್ನ ಎರಡು ಗಂಟೆ, ಆಗ ಫೋನ್ ಮಾಡುತ್ತೇನೆ, ಒಬ್ಬರು ಗಟ್ಟಿಯಾಗಿ ಓದೋಣ. ತೂಷಿನ್ ಬರುವ ವಾರ ಓದುವ ಸರದಿ ನಿಮ್ಮದು. ನಾನು ಕೇಳಿಸಿಕೊಳ್ಳುತ್ತೇನೆ.

ಅಲ್ಲಿಯವರೆಗೆ ಆ ಬಸ್ ಟಿಕೆಟನ್ನು ತೆಗೆದು ಮೊದಲನೆಯ ಪುಟಕ್ಕೆ ಇಟ್ಟಿರಿ.

ಇತಿ,
ನಿಮ್ಮ ಮಗಳು